ಕಂಬದ ಮೇಲೆ ಬರೆದ ಕೈ

ಗೋಡೆ ಮೇಲೆ ಮನುಷ್ಯರ ಚಿತ್ರ ಬರೆದು ಸಂಬಳ ತೆಗೆದುಕೊಳ್ಳುವ ಕೆಲಸ ಈಗ ಕಡಿಮೆಯಾಗಿದೆ. ಆದರೂ ಹೋದ ತಿಂಗಳು ನಾನಿದ್ದ ಕಚೇರಿಗೆ ಹೊಸದಾಗಿ ಸೇರಿದ ಇಬ್ಬರು ಹಾಸನದ ನಮ್ಮ ಮನೆಗೆ ಬಂದಿದ್ದರು. ಇಬ್ಬರೂ ಕಂಪ್ಯೂಟರಿನಲ್ಲೇ ಚಿತ್ರ ಮಾಡುವವರು. ಅವರಲ್ಲಿ ಹುಡುಗಿ ಕೇಳಿದಳು: "ಅಂಕಲ್, ಮುಖ ಎಷ್ಟು ತಿದ್ದಿದ್ರೂ ನಮ್ಮ ಚಿತ್ರ ಬೊಂಬೆ ಥರಾನೇ ಕಾಣುತ್ತೆ. ದುಃಖ, ಭಯ, ಧೈರ್ಯ ಇದೆಲ್ಲ ಹೇಗೆ ತರೋದು?"

ಮುಖದಿಂದ ಬರಲ್ಲಮ್ಮ, ನಿಲ್ಲೋ ರೀತಿಯಿಂದ ಬರುತ್ತೆ ಅಂತ ಮಾತ್ರ ಹೇಳಿ ಕಾಫಿ ಕೊಟ್ಟು ಕಳಿಸಿದೆ. ಅವರು ಹೋದ ಮೇಲೆ ಮನಸ್ಸಿಗೆ ಸಮಾಧಾನ ಆಗಲಿಲ್ಲ. ಯಾಕೆಂದರೆ ನಾನು ಬರೆದ ಒಂದೇ ಒಂದು ಕೈಯಿಂದಾಗಿ ತುಂಬು ಬಸುರಿಯೊಬ್ಬಳು ಆಸ್ಪತ್ರೆ ಬಾಗಿಲು ತುಳಿಯದೆ ಉಳಿದಿದ್ದಳು. ಅವಳ ಜೀವ ಹೋಗುವುದರಲ್ಲಿತ್ತು. ಅದನ್ನು ಹೇಳದೆ ಬೇರೆ ಏನು ಹೇಳಿದರೂ ಉಪಯೋಗವಿಲ್ಲ. ಅದಕ್ಕೇ ಇದನ್ನು ಟೈಪು ಮಾಡಲು ಕೂತಿದ್ದೇನೆ.

ನನ್ನ ಊರು ಹೊಳೆನರಸೀಪುರ ತಾಲ್ಲೂಕಿನ ಒಂದು ಹಳ್ಳಿ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಲಾರಿಗಳ ಹಿಂದೆ ಹೂವು, ಹದ್ದು, ಹೆಸರು ಬರೆದುಕೊಂಡಿದ್ದೆ. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಖಾಸಗಿಯಾಗಿ ಕಟ್ಟಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದೆ. ಆಮೇಲೆ ಡ್ರಾಯಿಂಗ್ ಪರೀಕ್ಷೆಗೆ ಕಲಿಯಲು ಹಾಸನಕ್ಕೆ ಬಂದೆ. ಕಲಿಸಿದವರು ನರಸಿಂಹಯ್ಯ ಮೇಷ್ಟ್ರು. ಅವರ ಮನೆತನದವರು ಹೊಳೆನರಸೀಪುರದಲ್ಲಿ ದೇವಸ್ಥಾನದ ಪೂಜೆಯವರು. ಇವರು ಮಾತ್ರ ಚಿತ್ರಕಲೆ ಕಲಿತು ಹೈಸ್ಕೂಲು ಮೇಷ್ಟ್ರಾಗಿದ್ದರು.

ಮೇಷ್ಟ್ರು ನನಗೆ ಮೊದಲ ಆರು ತಿಂಗಳು ಕಣ್ಣು ಮೂಗು ಬರೆಯಲು ಬಿಡಲಿಲ್ಲ. ಬಸ್‌ಸ್ಟ್ಯಾಂಡಿಗೆ ಕಳಿಸುತ್ತಿದ್ದರು. ಅರಕಲಗೂಡು ಬಸ್ಸು ಬಂದು ನಿಂತು ಹೊರಡುವುದರೊಳಗೆ ಒಬ್ಬ ಮನುಷ್ಯನನ್ನು ಹತ್ತು ಗೆರೆಯಲ್ಲಿ ಹಿಡಿಯಬೇಕು. ತಲೆ ಒಂದು ಮೊಟ್ಟೆ, ಬೆನ್ನಿಗೆ ಒಂದು ಗೆರೆ, ಹೆಗಲು, ಸೊಂಟ, ಎರಡು ಕಾಲು. ಅಷ್ಟೆ. ಸಂಜೆ ಅದನ್ನು ಅವರ ಮುಂದೆ ಹರಡಬೇಕು.

ಒಂದು ದಿನ ಒಂದು ಹಾಳೆ ಎತ್ತಿ ಕೇಳಿದರು, "ಇವನು ಯಾರಯ್ಯ?"

"ಬಸ್ಸಿಗೆ ಕಾಯ್ತಿದ್ದೋನು ಸಾ."

"ಸುಳ್ಳು. ಇವನು ಯಾರನ್ನೋ ಹತ್ತಿಸೋಕೆ ಬಂದಿದ್ದಾನೆ. ಅವರು ಬೇಗ ಹೊರಟರೆ ಸಾಕು ಅಂತಿದ್ದಾನೆ. ಎದೆ ಬಸ್ಸಿನ ಕಡೆ ಇದೆ, ಪಾದ ನೋಡು, ರಸ್ತೆ ಕಡೆ ತಿರುಗಿದೆ. ಮನಸ್ಸು ಎಲ್ಲಿಗೆ ಹೋಗಬೇಕು ಅಂತಿದೆಯೋ ಪಾದ ಅಲ್ಲಿಗೆ ಮೊದಲೇ ಹೊರಟಿರುತ್ತೆ."

ನಿಜ ಹೇಳಬೇಕೆಂದರೆ ನನಗೆ ಅದು ಗೊತ್ತೇ ಇರಲಿಲ್ಲ. ಕಂಡಂತೆ ಬರೆದಿದ್ದೆ. ಮನುಷ್ಯನ ಭಾರ ಯಾವ ಕಾಲಿನ ಮೇಲೆ ಇದೆ, ಅವನು ಏನನ್ನು ಆಧಾರ ಮಾಡಿಕೊಂಡಿದ್ದಾನೆ ಎಂದು ಮೊದಲು ನೋಡಬೇಕು ಎಂಬುದು ಅವರಿಂದ ಕಲಿತದ್ದು.

ಕಲಿತೆ ಅಂದುಕೊಂಡಿದ್ದೆ, ಅಷ್ಟೆ. ಆಮೇಲೆ ಕೆಲಸ ಸಿಕ್ಕಿತು. ಯಾವ ಕಚೇರಿ ಎಂದು ಬರೆಯುವುದಿಲ್ಲ. ಹಳ್ಳಿಗಳ ಗೋಡೆ ಮೇಲೆ ಆರೋಗ್ಯದ ಚಿತ್ರ ಬರೆಯುವ ಕೆಲಸ. ಬೆಂಗಳೂರಿಂದ ಮಾದರಿ ಹಾಳೆ ಬರುತ್ತಿತ್ತು. ಅದರ ಮೇಲೆ ಚೌಕ ಎಳೆದುಕೊಂಡು, ಗೋಡೆ ಮೇಲೂ ಅಷ್ಟೇ ಚೌಕ ಹಾಕಿ ದೊಡ್ಡದು ಮಾಡುವುದು. ಆಮೇಲಾಮೇಲೆ ಕತ್ತರಿಸಿದ ತಗಡಿನ ಅಚ್ಚು ಬಂತು. ಆಮೇಲೆ ಫ್ಲೆಕ್ಸು ಬಂತು.

ಮೊದಲ ಪೆಟ್ಟು ಬಿದ್ದದ್ದು ಅರಕಲಗೂಡು ಕಡೆಯ ಒಂದು ಊರಿನಲ್ಲಿ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ ಕಫ ಪರೀಕ್ಷೆ ಮಾಡಿಸಿ ಎಂದು ಹೇಳುವ ಚಿತ್ರ. ಆವತ್ತು ಮಾದರಿ ಹಾಳೆ ಬಂದಿರಲಿಲ್ಲ. ನಾನೇ ಒಬ್ಬ ರೋಗಿಯನ್ನು ಬರೆದೆ. ಮುಂದಕ್ಕೆ ಬಾಗಿದ ಮೈ, ಜೋತುಬಿದ್ದ ಕೈ, ಒಂದರ ಮುಂದೆ ಒಂದು ಅಡ್ಡಾದಿಡ್ಡಿ ಕಾಲು, ಅರ್ಧ ಮುಚ್ಚಿದ ಕಣ್ಣು. ಎದುರಿಗೆ ಟೀ ಅಂಗಡಿ ಇತ್ತು. ಅಂಗಡಿಯವನು ಬಂದು ಬಹಳ ಹೊತ್ತು ನೋಡಿದ.

"ಬೋ ಚಂದಾಗ್ ಬಂದೈತೆ ಸಾ. ಥೇಟ್ ನಮ್ ಬಾಮೈದ."

"ಯಾಕಣ್ಣ, ಅವರಿಗೂ ಕೆಮ್ಮಾ?"

"ಕೆಮ್ಮೆಲ್ಲಿ ಬಂತು ಸಾ? ದಿನಾ ಇದೇ ಟೇಮಿಗೆ ಇಂಗೇ ತೂರಾಡ್ಕಂಡ್ ಬತ್ತಾನೆ. ಕುಡ್ದವ್ರುನ್ನ ಗೋಡೆಗೆಲ್ಲ ಬರ್ದು ಮಾನ ಕಳ್ಯೋ ಸ್ಕೀಮೇನೋ ಬಂದೈತೆ ಅಂತಿದ್ರು, ಅದೇಯಾ ಇದು?"

ಸುತ್ತ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಬಸ್ಸಿನಲ್ಲಿ ಕೂತು ಯೋಚನೆ ಮಾಡಿದಾಗ ಅವನು ಹೇಳಿದ್ದು ಸರಿ ಅನ್ನಿಸಿತು. ಕುಡಿದವನಿಗೆ ತನ್ನ ಭಾರ ಎಲ್ಲಿದೆ ಎಂಬ ಎಚ್ಚರ ಇರುವುದಿಲ್ಲ. ಅವನ ಕೈ ಖಾಲಿಯಾಗಿ ಜೋಲುತ್ತದೆ. ಕಾಯಿಲೆಯವನಿಗೆ ತನ್ನ ಭಾರ ಬಿಟ್ಟು ಬೇರೆ ಯೋಚನೆಯೇ ಇರುವುದಿಲ್ಲ. ಅವನ ಕೈ ಮಂಡಿಯನ್ನೋ ಗೋಡೆಯನ್ನೋ ಹುಡುಕುತ್ತದೆ. ಕೆಮ್ಮುವವನ ಹೆಗಲು ಕಿವಿಯ ಹತ್ತಿರ ಹೋಗುತ್ತದೆ. ಮಾರನೇ ದಿನ ಹೋಗಿ ಅವನ ಒಂದು ಕೈಯನ್ನು ಮಂಡಿಯ ಮೇಲೆ ಊರಿಸಿದೆ, ಇನ್ನೊಂದನ್ನು ಎದೆಗೆ ತಂದೆ, ಕಾಲು ಎರಡನ್ನೂ ಅಗಲ ಮಾಡಿ ನಿಲ್ಲಿಸಿದೆ. ಕಣ್ಣು ಮುಟ್ಟಲಿಲ್ಲ. ಟೀ ಅಂಗಡಿಯವನು ಈ ಸಲ ನಗಲಿಲ್ಲ. "ಪಾಪ, ಇವುನ್ಗೆ ಉಸ್ರೇ ಸಾಲ್ತಿಲ್ವಲ್ಲ" ಅಂದ.

ಇಷ್ಟು ಕಲಿತಿದ್ದವನು ಮುಂದಿನ ತಪ್ಪು ಮಾಡಬಾರದಿತ್ತು.

ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಬಾಗೂರಿನ ಆಚೆ ಒಂದು ಊರು. ಅಲ್ಲಿ ಎರಡು ರೂಮಿನ ಸಣ್ಣ ಆರೋಗ್ಯ ಕೇಂದ್ರ. ವನಜಾಕ್ಷಿ ಎಂಬ ನರ್ಸು ಒಬ್ಬರೇ ಅದನ್ನು ನೋಡಿಕೊಳ್ಳುತ್ತಿದ್ದರು. ಬಸುರಿಯರು ತಿಂಗಳು ತಿಂಗಳು ಬಂದು ಪರೀಕ್ಷೆ ಮಾಡಿಸಿಕೊಳ್ಳಲಿ ಎಂದು ಒಂದು ಚಿತ್ರ ಬರೆಯಬೇಕಿತ್ತು. ಬಂದಿದ್ದ ಮಾದರಿಯಲ್ಲಿ ಸೀರೆ ಉಟ್ಟ ಹೆಂಗಸು ನಗುತ್ತಾ ಬಲಗೈ ಎತ್ತಿ "ಬನ್ನಿ" ಎಂದು ಕರೆಯುತ್ತಿದ್ದಳು. ಗೋಡೆಗಳ ಮೇಲೆ ಆಗಲೇ ಲಸಿಕೆಯ ಪಟ್ಟಿ, ಫೋನ್ ನಂಬರು ಎಲ್ಲ ತುಂಬಿತ್ತು. ಉಳಿದದ್ದು ಬಾಗಿಲ ಪಕ್ಕದ ಚೌಕ ಕಂಬ ಒಂದೇ. ಒಂದೂವರೆ ಅಡಿ ಅಗಲ. ಇಡೀ ಹೆಂಗಸು ಅದರಲ್ಲಿ ಹಿಡಿಯುವುದಿಲ್ಲ.

ಆಗ ನನಗೊಂದು ಉಪಾಯ ಹೊಳೆಯಿತು. ಹೆಂಗಸು ಯಾಕೆ ಬೇಕು? ಕರೆಯುವ ಕೈ ಒಂದು ಸಾಲದೇ? ಕಂಬದ ಒಳಗಿಂದಲೇ ಹೊರಟಂತೆ ಒಂದು ಕೈ ಬರೆದೆ. ಮೊಣಕೈ ಮಡಿಸಿ ಮೇಲೆತ್ತಿದ ಕೈ, ಬಿಚ್ಚಿದ ಅಂಗೈ, ಮಣಿಕಟ್ಟಿನ ತುಂಬಾ ಹಸಿರು ಬಳೆ. ಬಳೆಗೆ ಬೆಳಕಿನ ಗೆರೆ ಕೂಡ ಕೊಟ್ಟೆ. ನನ್ನ ಸರ್ವೀಸಿನಲ್ಲಿ ಅಷ್ಟು ಚೆನ್ನಾಗಿ ಯಾವ ಕೈಯೂ ಬಂದಿರಲಿಲ್ಲ. ವನಜಾಕ್ಷಿಯವರು ಆವತ್ತು ಮೀಟಿಂಗಿಗೆ ಚನ್ನರಾಯಪಟ್ಟಣಕ್ಕೆ ಹೋಗಿದ್ದರು. ಅವರಿಗೆ ತೋರಿಸಲೂ ಇಲ್ಲ. ಬಣ್ಣ ಒಣಗಿಸಿ, ಫೋಟೋ ತೆಗೆದುಕೊಂಡು ಬಂದುಬಿಟ್ಟೆ.

ಮೂರು ವಾರ ಆಗಿತ್ತು. ಅವರಿಂದ ಫೋನು ಬಂತು.

"ಆರ್ಟಿಸ್ಟ್ ಸರ್, ನಿಮ್ಮ ಚಿತ್ರಕ್ಕೆ ಪೂಜೆ ನಡೀತಿದೆ. ಬಂದು ನೋಡಿ."

ನಾನು ಹೊಗಳುತ್ತಿದ್ದಾರೆ ಅಂದುಕೊಂಡೆ. "ಅಯ್ಯೋ, ಅಷ್ಟೊಂದೆಲ್ಲ ಏನಿಲ್ಲ ಮೇಡಂ" ಅಂದೆ. ಅವರು ಫೋನು ಇಟ್ಟರು.

ಮಾರನೇ ದಿನ ಹೋದೆ. ನಿಜಕ್ಕೂ ಕಂಬದ ಬುಡದಲ್ಲಿ ನಿಂಬೆಹಣ್ಣು, ಅರಿಶಿನ ಕುಂಕುಮ, ಒಡೆದ ಎರಡು ಬಳೆ ಇದ್ದವು. ಚಿತ್ರದ ಅಂಗೈಗೆ ಯಾರೋ ಕುಂಕುಮ ಮೆತ್ತಿದ್ದರು. ಒಳಗೆ ಒಬ್ಬ ರೋಗಿಯೂ ಇರಲಿಲ್ಲ. ವನಜಾಕ್ಷಿಯವರು ಬಾಗಿಲು ಹಾಕಿಕೊಂಡು ಹೊರಬಂದು ನನ್ನನ್ನು ಕೆರೆ ಏರಿಯ ಕಡೆ ಕರೆದುಕೊಂಡು ಹೋದರು. ಹುಣಸೆಮರದ ಕೆಳಗೆ ಅರ್ಧ ಹೂತ ಒಂದು ಕಲ್ಲಿತ್ತು. ಕಲ್ಲಿನಲ್ಲಿ ಒಂದು ಕಂಬ ಕೊರೆದಿತ್ತು. ಕಂಬದಿಂದ ಹೊರಟ ಒಂದು ಕೈ. ಮೊಣಕೈ ಮಡಿಸಿ ಮೇಲೆತ್ತಿದ್ದು, ಬಿಚ್ಚಿದ ಅಂಗೈ, ಬಳೆ.

ಮಾಸ್ತಿಕಲ್ಲು. ಗಂಡನ ಚಿತೆ ಹತ್ತಿ ಸತ್ತ ಹೆಂಗಸಿಗೆ ಹಿಂದಿನವರು ನಿಲ್ಲಿಸಿದ ಕಲ್ಲು. ನಮ್ಮ ಕಡೆ ಎಷ್ಟೋ ಊರಲ್ಲಿದೆ. ನಮ್ಮೂರಲ್ಲೂ ಇದೆ, ಚಿಕ್ಕಂದಿನಲ್ಲಿ ಅದರ ಮೇಲೆ ಕೂತು ಕಡಲೆಕಾಯಿ ತಿಂದಿದ್ದೇನೆ. ಕಣ್ಣಿಂದ ಅಷ್ಟು ಸಲ ನೋಡಿದ್ದನ್ನೇ ಕೈಯಿಂದ ಬರೆದಿದ್ದೆ. ಏನು ಬರೆಯುತ್ತಿದ್ದೇನೆ ಎಂದು ಮಾತ್ರ ಗೊತ್ತಾಗಲಿಲ್ಲ.

"ಈ ಊರಲ್ಲಿ ಬಸುರಿಯರು ಈ ಕಲ್ಲಿನ ಮುಂದೆ ನಡೆಯೋದೇ ಇಲ್ಲ ಸರ್" ಅಂದರು ಅವರು. "ಬಳಸಿಕೊಂಡು ಹೋಗ್ತಾರೆ. ಪೂಜೆ ಮಾಡ್ತಿರೋದು ಇಷ್ಟ ಆಗಿ ಅಲ್ಲ, ಹೆದರಿ. ಉಳಿದವರನ್ನ ಹೇಗೋ ಮನೆಮನೆಗೆ ಹೋಗಿ ನೋಡ್ತಿದ್ದೀನಿ. ರತ್ನ ಅಂತ ಒಬ್ಬಳಿದ್ದಾಳೆ. ಮೊದಲನೇ ಮಗು ಹೊಟ್ಟೇಲೇ ಹೋಯ್ತು. ಈಗ ಎಂಟು ತಿಂಗಳು. ಹೋದ ಸಲ ಬಿಪಿ ಜಾಸ್ತಿ ಇತ್ತು, ವಾರವಾರ ನೋಡಬೇಕು. ಮೂರು ವಾರದಿಂದ ಅವರತ್ತೆ ನನ್ನನ್ನ ಹೊಸಿಲು ದಾಟೋಕೆ ಬಿಟ್ಟಿಲ್ಲ. ನನಗೆ ನಿದ್ದೆ ಇಲ್ಲ."

ನಾನು ಕಲ್ಲಿನ ಮುಂದೆ ಕೈ ಕಟ್ಟಿಕೊಂಡು ನಿಂತಿದ್ದೆ. "ಅವರ ಮನೆಗೆ ಹೋಗೋಣ ನಡೀರಿ" ಅಂದೆ.

ರತ್ನಳ ಅತ್ತೆಯ ಹೆಸರು ನಿಂಗಮ್ಮ. ಜಗುಲಿ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನರ್ಸನ್ನು ನೋಡಿದವರೇ ಕಾಲು ಚಾಚಿ ಬಾಗಿಲಿಗೆ ಅಡ್ಡ ಇಟ್ಟರು.

"ಅಲ್ಲೇ ನಿಂತ್ಕಳವ್ವ ಸಿಸ್ಟ್ರೇ. ಆ ಮಾಸ್ತಿ ಬಾಗ್ಲಿಂದ ಬರೋಳು ನಮ್ಮಟ್ಟಿ ಒಸ್ಲು ತುಳೀಬ್ಯಾಡ. ಇವ್ನ್ಯಾರು?"

"ಚಿತ್ರ ಬರೆದೋನು ನಾನೇ ಕಣವ್ವ" ಅಂದೆ.

ನಿಂಗಮ್ಮ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು. "ನೀನೇನಪ್ಪ ಆ ಗನಂದಾರಿ? ಬಸ್ರಿ ಎಂಗಸ್ರು ಓಗೋ ಬಾಗ್ಲಲ್ಲಿ ಮಾಸ್ತಿ ಕೈ ನೆಟ್ಟಿದ್ದೀಯಲ್ಲ, ನಿನ್ನ ಎತ್ತೋಳು ಎಣ್ಣಲ್ವಾ? ಯಾವೂರ್ಲಾ ನಿಂದು?"

"ನಮ್ದೂ ಒಳೆನರ್ಸೀಪುರದ ಕಡೇನೇ ಕಣವ್ವ."

"ಇನ್ನೂ ಚೆಂದಾಯ್ತು. ದೂರದೇಸ್ದೋನಾದ್ರೆ ಗೊತ್ತಿರ್ಲಿಲ್ಲ ಅನ್ಬೈದಾಗಿತ್ತು."

ತಪ್ಪಾಯ್ತು, ಇವತ್ತೇ ಅಳಿಸಿಬಿಡುತ್ತೇನೆ ಅಂದೆ.

"ಅಳ್ಸ್ತೀಯಾ? ಕುಂಕ್ಮ ಬಿದ್ದೈತೆ, ನಿಂಬೆಅಣ್ಣು ಬಿದ್ದೈತೆ. ಅಂಗೇ ಸುಣ್ಣ ಬಳ್ದು ಓಗ್ಬುಡ್ತೀಯಾ? ಅವ್ಳ ಕ್ವಾಪ ಯಾರ್ ಮ್ಯಾಲೆ ಬರ್ತೈತೆ, ನಿನ್ ಮ್ಯಾಲೋ ನನ್ ಸೊಸೆ ಮ್ಯಾಲೋ?"

ಆಗ ಒಳಗೆ ನೆರಳು ಅಲ್ಲಾಡಿತು. ಮಾತು ಕೇಳಿಸಿಕೊಂಡು ರತ್ನ ನಡುಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಮುಖ ಕತ್ತಲೆಯಲ್ಲಿತ್ತು, ಕಾಣಿಸಲಿಲ್ಲ. ಕಂಡದ್ದು ಮೈ ಮಾತ್ರ. ಬಸ್‌ಸ್ಟ್ಯಾಂಡಿನಲ್ಲಿ ಆರು ತಿಂಗಳು ಕೂತಿದ್ದ ಕಣ್ಣು ತನಗೆ ತಾನೇ ಭಾರ ಎಲ್ಲಿದೆ ಎಂದು ಹುಡುಕಿತು. ತುಂಬಿದ ಬಸುರಿ ಸಾಮಾನ್ಯವಾಗಿ ಬೆನ್ನು ಹಿಂದಕ್ಕೆ ಮಾಡಿ, ಕಾಲು ಅಗಲ ಮಾಡಿ ನಿಲ್ಲುತ್ತಾಳೆ. ಇವಳು ಹಾಗೆ ನಿಂತಿರಲಿಲ್ಲ. ಒಂದು ಹೆಗಲನ್ನು ಬಾಗಿಲ ಚೌಕಟ್ಟಿಗೆ ಪೂರಾ ಬಿಟ್ಟಿದ್ದಳು. ಒಳಗೆ ಕತ್ತಲೆಯಿದ್ದರೂ ಒಂದು ಅಂಗೈಯನ್ನು ಹುಬ್ಬಿನ ಮೇಲೆ ಅಡ್ಡ ಹಿಡಿದಿದ್ದಳು, ಬಿಸಿಲಿಗೆ ಹಿಡಿಯುವ ಹಾಗೆ. ಕತ್ತನ್ನು ಸ್ವಲ್ಪವೂ ತಿರುಗಿಸುತ್ತಿರಲಿಲ್ಲ. ನಮ್ಮನ್ನು ನೋಡಬೇಕಾದಾಗ ಇಡೀ ಮೈ ತಿರುಗಿಸಿದಳು.

ವನಜಾಕ್ಷಿಯವರು ನಿಂತ ಜಾಗದಿಂದ ಅವಳು ಕಾಣುತ್ತಿರಲಿಲ್ಲ. ನಾನು ಮೆಲ್ಲಗೆ ಹೇಳಿದೆ, "ಮೇಡಂ, ಅವರು ಕತ್ತಲಲ್ಲೂ ಕಣ್ಣಿಗೆ ಕೈ ಅಡ್ಡ ಹಿಡಿದಿದ್ದಾರೆ. ತಲೆ ಅಲ್ಲಾಡಿಸ್ತಿಲ್ಲ."

ಬಿಪಿ ಏರಿದ ಬಸುರಿಗೆ ಅದು ಅಪಾಯದ ಗುರುತು ಎಂದು ಅವರಿಗೆ ಗೊತ್ತಿತ್ತು. "ರತ್ನಾ, ತಲೆನೋವಾ? ಕಣ್ಣು ಮಂಜಾಗ್ತಿದೆಯಾ?" ಎಂದು ಹೊರಗಿಂದಲೇ ಕೂಗಿದರು.

"ನಿನ್ನೆಯಿಂದ ಅಕ್ಕಾ" ಎಂದು ಒಳಗಿಂದ ಬಂತು.

"ಬಸ್ರೀಗೆ ತಲೆನೋವು ಬರ್ದೆ ಇನ್ನೇನ್ ಬರ್ತೈತೆ" ಅಂದರು ನಿಂಗಮ್ಮ. ಚಾಚಿದ ಕಾಲು ತೆಗೆಯಲಿಲ್ಲ. ನರ್ಸು ಕಾಲು ಹಿಡಿಯುವುದೊಂದು ಬಾಕಿ. ಎಷ್ಟು ಹೇಳಿದರೂ ಕೇಳಲಿಲ್ಲ.

ಆಗ ನಾನು ಮಾಡಿದ್ದು ಜಾಣತನದಿಂದ ಮಾಡಿದ್ದಲ್ಲ. ಬೇರೆ ದಾರಿ ಕಾಣದೆ ನನಗೆ ಗೊತ್ತಿದ್ದ ಒಂದೇ ಕೆಲಸದ ಮಾತು ಆಡಿದೆ.

"ಅವ್ವ, ನನಗೆ ಗೊತ್ತಾಗ್ಲಿಲ್ಲ. ಆ ಕೈ ಬ್ಯಾಡ ಅಂದ್ರೆ ಏನ್ ಬರೀಲಿ, ನೀನೇ ಯೋಳು."

"ಅದ್ನೂ ನಾನೇ ಯೋಳ್ಕೊಡ್ಬೇಕಾ? ಸಂಬ್ಳ ನಿಂಗೋ ನಂಗೋ?"

"ನಿಂಗೇ ತಕ್ಕೋ. ಯೋಳು."

ನಿಂಗಮ್ಮನಿಗೆ ನಗು ಬಂತೋ ಏನೋ, ತುಟಿ ಬಿಗಿಹಿಡಿದರು. "ಬಸ್ರೀನ ಯಾರಾದ್ರೂ ಕೈ ಎತ್ತಿ ಕರೀತಾರೇನ್ಲಾ? ಕೈ ಎತ್ತೋದು ಬಸ್ಸು ನಿಲ್ಸೋಕೆ. ಬಸ್ರೀನ ಇಡ್ಕಂಡು ಕರ್ಕಂಬರ್ಬೇಕು."

"ಎಂಗ್ ಇಡ್ಕಬೇಕು?"

"ಎಂಗೆ ಅಂದ್ರೆ? ಇಂಗೆ!" ಎಂದು ಗಾಳಿಯಲ್ಲಿ ಕೈ ಆಡಿಸಿದರು.

"ಗಾಳೀಲಿ ತೋರ್ಸುದ್ರೆ ನಂಗೆ ಗೊತ್ತಾಗಲ್ಲ ಕಣವ್ವ. ಇನ್ನೊಂದ್ಕಿತ ತಪ್ಪು ಬರ್ದ್‌ಬುಟ್ಟೇನು. ನಿನ್ ಸೊಸೇನೇ ಇಡ್ಕಂಡ್ ತೋರ್ಸು."

ಜೇಬಿನಿಂದ ಪುಸ್ತಕ, ಪೆನ್ಸಿಲು ತೆಗೆದೆ. ನಿಂಗಮ್ಮ ಗೊಣಗಿಕೊಂಡೇ ಎದ್ದರು. ಮಡಿಲಿನ ಸಿಪ್ಪೆ ಕೊಡವಿ ಒಳಗೆ ಹೋದರು. ಸೊಸೆಯ ಮೊಣಕೈಯ ಕೆಳಗೆ ಒಂದು ಕೈ ಕೊಟ್ಟು, ಇನ್ನೊಂದು ಕೈಯನ್ನು ಅವಳ ಬೆನ್ನಿಗೆ ಇಟ್ಟು, "ನೋಡ್ಕಳಪ್ಪ, ಇಂಗೆ" ಎಂದು ಒಂದು ಹೆಜ್ಜೆ ನಡೆಸಿದರು.

ರತ್ನಳ ಹೆಗಲು ಚೌಕಟ್ಟನ್ನು ಬಿಟ್ಟಿತು. ಆ ಭಾರವೆಲ್ಲ ಅತ್ತೆಯ ತೋಳಿಗೆ ಬಂತು. ನಿಂಗಮ್ಮನ ಮಂಡಿ ಕುಸಿದದ್ದು ನನಗೆ ಕಂಡಿತು. ಅವರು ಬೆನ್ನಿನ ಮೇಲಿದ್ದ ಕೈಯನ್ನು ಗಬಕ್ಕನೆ ಕೆಳಕ್ಕೆ, ಸೊಂಟಕ್ಕೆ ತಂದು ತಡೆದರು. ತೋರಿಸಲು ಹಿಡಿದಿದ್ದ ಕೈ ಬೇರೆ, ಈಗ ಹಿಡಿದ ಕೈ ಬೇರೆ. ಅವರು ನನ್ನ ಕಡೆ ನೋಡಲಿಲ್ಲ. ನರ್ಸಿನ ಕಡೆ ನೋಡಿದರು.

"ಸಿಸ್ಟ್ರೇ, ಇವ್ಳು ಪೂರಾ ನನ್ ಮ್ಯಾಲೇ ಬೀಳ್ತಾವ್ಳೆ ಕಣೆ. ಮೂರ್ ವಾರದಿಂದ ಇದೇ ಮನ್ಯಾಗವ್ಳೆ, ನಂಗೆ ಗೊತ್ತೇ ಆಗ್ಲಿಲ್ಲ. ಬಾರವ್ವ, ಒಳೀಕ್ ಬಾ."

ಬಿಪಿ ಎಷ್ಟಿತ್ತೋ ನನಗೆ ಹೇಳಲಿಲ್ಲ. ವನಜಾಕ್ಷಿಯವರು ರತ್ನಳ ತೋಳಿನ ಪಟ್ಟಿ ಬಿಚ್ಚುವ ಮೊದಲೇ ಆಂಬುಲೆನ್ಸಿಗೆ ಫೋನು ಮಾಡಿದರು. ಚನ್ನರಾಯಪಟ್ಟಣದಲ್ಲಿ ಇಂಜೆಕ್ಷನ್ ಕೊಟ್ಟು ಹಾಸನಕ್ಕೆ ಕಳಿಸಿದರು. ಶಾಂತಿಗ್ರಾಮ ದಾಟುವಾಗ ರತ್ನಳಿಗೆ ಒಂದು ಸಲ ಫಿಟ್ಸ್ ಬಂತಂತೆ. ಆ ರಾತ್ರಿ ಆಪರೇಷನ್ ಮಾಡಿ ಮಗು ತೆಗೆದರು. ಹೆಣ್ಣು ಮಗು. ಬಹಳ ಸಣ್ಣದು. ಎಷ್ಟೋ ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ತಾಯಿಗೆ ಮೂರನೇ ದಿನ ಸರಿಯಾಗಿ ಕಣ್ಣು ಕಂಡಿತು. ನಾನು ದಿನಾ ಕಚೇರಿ ಬಿಟ್ಟ ಮೇಲೆ ಆಸ್ಪತ್ರೆಯ ಗೇಟಿನವರೆಗೆ ಹೋಗಿ, ಹೊರಗೆ ಕೂತಿರುತ್ತಿದ್ದ ಅವಳ ಗಂಡನನ್ನು ಕೇಳಿಕೊಂಡು ಬರುತ್ತಿದ್ದೆ. ಒಳಗೆ ಹೋಗಲು ಮನಸ್ಸು ಬರಲಿಲ್ಲ.

ಹೊಸ ಚಿತ್ರದ ನಕ್ಷೆ ಮಾಡಿ ನಮ್ಮ ಸಾಹೇಬರಿಗೆ ತೋರಿಸಿದೆ. ಅತ್ತೆ, ಸೊಸೆ ಇಬ್ಬರೂ ನಮಗೆ ಬೆನ್ನು ಮಾಡಿ ಬಾಗಿಲ ಕಡೆ ನಡೆಯುತ್ತಿರುವ ಚಿತ್ರ. ಸಾಹೇಬರು ಕನ್ನಡಕ ಮೇಲೇರಿಸಿದರು.

"ಏನ್ರೀ ಇದು? ಇಬ್ರೂ ಆ ಕಡೆ ತಿರುಗಿದ್ದಾರೆ. ಮುನಿಸಿಕೊಂಡಿದ್ದಾರಾ? ಮುಖ ಎಲ್ಲಿ? ನಗು ಎಲ್ಲಿ? ಮಾದರಿಯಲ್ಲಿ ನಗು ಇತ್ತಲ್ಲ."

"ಒಳಗೆ ಹೋಗ್ತಿದ್ದಾರೆ ಸಾರ್. ಎದುರಿಗೆ ಮುಖ ಮಾಡಿದ್ರೆ ಹೊರಗೆ ಬರ್ತಿರೋ ಹಾಗೆ ಆಗುತ್ತೆ."

ಅವರು ಬಹಳ ಹೊತ್ತು ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಯಾರಾದ್ರೂ ಕೇಳಿದ್ರೆ ನನಗೆ ತೋರಿಸಿಲ್ಲ ಅನ್ನಿ" ಎಂದು ವಾಪಸು ಕೊಟ್ಟರು. ಒಳ್ಳೆಯವರು, ಹೆದರಿಕೆ ಜಾಸ್ತಿ.

ಮಗುವನ್ನು ಮನೆಗೆ ಕರೆತಂದ ಮೇಲೆ ನಾನು ಆ ಊರಿಗೆ ಹೋದೆ. ನಿಂಗಮ್ಮ ಮೊದಲೇ ಬಂದು ಕಂಬದ ಮುಂದೆ ನಿಂತಿದ್ದರು. ನನ್ನನ್ನು ಬ್ರಷ್ಷು ಮುಟ್ಟಲು ಬಿಡಲಿಲ್ಲ. ತಾವೇ ಚೊಂಬಿನ ನೀರು ಹಾಕಿ ಅಂಗೈಯ ಕುಂಕುಮ ತೊಳೆದರು. ನಿಂಬೆಹಣ್ಣು, ಒಡೆದ ಬಳೆ ಎಲ್ಲವನ್ನೂ ಸೆರಗಿಗೆ ಹಾಕಿಕೊಂಡು ಕೆರೆ ಏರಿಗೆ ಹೋಗಿ ಮಾಸ್ತಿಕಲ್ಲಿನ ಮುಂದೆ ಇಟ್ಟರು. "ನಿನ್ ಜಾಗ ಇದು ಕಣವ್ವ. ಅಲ್ಲಿ ಬದ್ಕೋರು ಓಡಾಡ್ಲಿ" ಎಂದು ಕೈ ಮುಗಿದರು. ಆಮೇಲೆ ನಾನು ಸುಣ್ಣ ಬಳಿದೆ. ವನಜಾಕ್ಷಿಯವರು ಲಸಿಕೆಯ ಪಟ್ಟಿಯನ್ನು ಒಳಗಿನ ಗೋಡೆಗೆ ಸರಿಸಿ, ಬಾಗಿಲ ಪಕ್ಕದ ಗೋಡೆಯನ್ನು ಪೂರಾ ನನಗೆ ಬಿಟ್ಟುಕೊಟ್ಟರು.

ಹೊಸ ಚಿತ್ರ ಮುಗಿಸಲು ಎರಡು ದಿನ ಹಿಡಿಯಿತು. ಎರಡನೇ ದಿನ ಮಧ್ಯಾಹ್ನ ಮಗುವಿಗೆ ಸೂಜಿ ಹಾಕಿಸಲು ಅತ್ತೆ ಸೊಸೆ ಇಬ್ಬರೂ ಬಂದರು. ರತ್ನ ಮಗುವನ್ನು ಎದೆಗೆ ಒತ್ತಿಕೊಂಡಿದ್ದಳು. ನಿಂಗಮ್ಮ ಅರ್ಧಕ್ಕೇ ನಿಂತು, ಸೊಂಟದ ಮೇಲೆ ಕೈಯಿಟ್ಟು ನನ್ನ ಚಿತ್ರ ನೋಡಿದರು.

"ಸೀರೆ ಬಣ್ಣ ಚಂದಾಗೈತೆ" ಅಂದರು. "ಕೈ ಸರ್ಯಾಗಿಲ್ಲ."

"ಯಾಕವ್ವ? ನೀನು ತೋರ್ಸಿದ್ ಅಂಗೇ ಬರ್ದೀನಲ್ಲ. ಬೆನ್ ಮ್ಯಾಲೆ."

"ಅದು ನಿಂಗ್ ತೋರ್ಸೋಕೆ ಇಡ್ದಿದ್ದು ಕಣಪ್ಪ. ಆಮ್ಯಾಕೆ ಎಲ್ಲಿ ಇಡ್ದೆ, ನೋಡ್ಲಿಲ್ವಾ?" ಹತ್ತಿರ ಬಂದು, ಒಣಗದ ಬಣ್ಣಕ್ಕೆ ತಾಗದಂತೆ, ಚಿತ್ರದ ಸೊಸೆಯ ಸೊಂಟದ ಹತ್ತಿರ ಬೆರಳಿಟ್ಟು ತೋರಿಸಿದರು. "ಇಲ್ಲಿ. ಇಲ್ಲೇ ಬಿತ್ತು ಅವ್ಳ ಬಾರ."

ನಾನು ನೋಡಿದ್ದೆ. ಆದರೂ ನೋಟಕ್ಕೆ ಚೆಂದ ಎಂದು ಕೈಯನ್ನು ಮೇಲೆ ಬರೆದಿದ್ದೆ. ಬಟ್ಟೆಯಿಂದ ಅದನ್ನು ಒರೆಸಿದೆ. ನಾಲ್ಕು ಬೆರಳು ಕೆಳಗೆ, ಬೆರಳುಗಳು ಸೀರೆಯ ಮಡಿಕೆಯೊಳಗೆ ಹುಗಿಯುವ ಹಾಗೆ, ಮತ್ತೆ ಬರೆದೆ. ಅತ್ತೆಯ ಮಂಡಿಯನ್ನೂ ಸ್ವಲ್ಪ ಬಗ್ಗಿಸಿದೆ. ನಿಂಗಮ್ಮ ಪಕ್ಕದಲ್ಲೇ ನಿಂತು ಕೊನೆಯ ಗೆರೆವರೆಗೂ ನೋಡಿದರು.

ರತ್ನ ನಮಗೆ ಕಾಯಲಿಲ್ಲ. ಅಷ್ಟು ಹೊತ್ತಿಗೆ ಅವಳು ಮಗುವನ್ನು ಎತ್ತಿಕೊಂಡು ತಾನೇ ಒಳಗೆ ಹೋಗಿದ್ದಳು.